ಕಂಪ್ಯೂಟರ್ ‘ಹ್ಯಾಂಗ್’ ಆಯಿತೇ? ಎಲ್ಲಿ ಆಯಿತು ನೋಡಿ: ವಿಂಡೋಸ್ ಬಳಸುವವರಿಗೊಂದು ಸಮಗ್ರ ಮಾರ್ಗದರ್ಶಿ

ಕಾರವಾರದ ಝೆರಾಕ್ಸ್ ಅಂಗಡಿಯಿರಲಿ, ಶಿರಸಿ ಕಡೆಯ ತೋಟದ ಮನೆಯಿರಲಿ, ಕಂಪ್ಯೂಟರ್ ಕೈಕೊಟ್ಟಾಗ ರಿಪೇರಿಯವರಿಗೆ ಹೋಗುವ ಫೋನಿನಲ್ಲಿ ಒಂದೇ ಮಾತು: ‘ಸಿಸ್ಟಮ್ ಹ್ಯಾಂಗ್ ಆಗಿದೆ.’ ಗುಂಡಿ ಒತ್ತಿದರೆ ಬರೀ ಬೀಪ್ ಶಬ್ದ ಬರುವುದೂ ಹ್ಯಾಂಗ್, ಕೆಳಗಿನ ಟಾಸ್ಕ್‌ಬಾರ್ ಮಾಯವಾಗುವುದೂ ಹ್ಯಾಂಗ್, ಪ್ರಿಂಟ್ ಬಾರದಿರುವುದೂ ಹ್ಯಾಂಗ್. ಹಲ್ಲುನೋವಿಗೂ ಹೊಟ್ಟೆನೋವಿಗೂ ‘ಮೈ ಸರಿಯಿಲ್ಲ’ ಅಂದ ಹಾಗೆ. ಕಾಯಿಲೆಗೆ ಒಂದೇ ಹೆಸರಾದರೆ ಮದ್ದೂ ಒಂದೇ ಆಗುತ್ತದೆ: ‘ಫಾರ್ಮ್ಯಾಟ್ ಮಾಡ್ಬೇಕು.’ ಅಂದರೆ ಡಿಸ್ಕಿನಲ್ಲಿದ್ದದ್ದನ್ನು ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು. ಬಹಳ ಸಲ ಅದರ ಅಗತ್ಯವೇ ಇರುವುದಿಲ್ಲ.

ಕಂಪ್ಯೂಟರಿನಲ್ಲಿ ಕೆಲಸ ನಡೆಯುವುದು ಪದರ ಪದರವಾಗಿ. ತೀರಾ ತಳದಲ್ಲಿ ಮದರ್‌ಬೋರ್ಡಿನ ಚಿಪ್ಪಿನಲ್ಲೇ ಕೂತಿರುವ ಫರ್ಮ್‌ವೇರ್ ಎಂಬ ಪ್ರೋಗ್ರಾಮ್. ಹಳೆಯ ಯಂತ್ರಗಳಲ್ಲಿ ಇದರ ಹೆಸರು ಬಯಾಸ್, ಈಗಿನವುಗಳಲ್ಲಿ ಯುಇಎಫ್‌ಐ. ಅದರ ಮೇಲೆ ಕರ್ನೆಲ್ ಮತ್ತು ಡ್ರೈವರ್‌ಗಳು. ಮೆಮೊರಿ, ಡಿಸ್ಕ್, ಪ್ರಿಂಟರ್, ಪರದೆ ಇವುಗಳಿಗೆ ಕೆಲಸ ಹಂಚುವ ಆಡಳಿತ ಇದು. ಮೂರನೆಯದು ಶೆಲ್, ಅಂದರೆ ನಮ್ಮ ಕಣ್ಣಿಗೆ ಕಾಣುವ ಡೆಸ್ಕ್‌ಟಾಪ್, ಟಾಸ್ಕ್‌ಬಾರ್, ಸ್ಟಾರ್ಟ್ ಮೆನು, ಫೋಲ್ಡರ್ ಕಿಟಕಿಗಳು. ಎಲ್ಲಕ್ಕೂ ಮೇಲೆ ಎಕ್ಸೆಲ್, ಬ್ರೌಸರ್, ಕನ್ನಡ ಬರೆಯುವ ‘ನುಡಿ’ಯಂಥ ಅಪ್ಲಿಕೇಶನ್‌ಗಳು. ಕೆಳಗಿನ ಪದರ ಕೆಟ್ಟರೆ ಮೇಲಿನದು ನಿಲ್ಲುವುದಿಲ್ಲ, ಮೇಲಿನದು ಕೆಟ್ಟರೆ ಕೆಳಗಿನದಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಹಾಗಾಗಿ ಹುಡುಕಾಟ ಯಾವಾಗಲೂ ಮೇಲಿನಿಂದ ಕೆಳಕ್ಕೆ.

ಇಲ್ಲಿನ ಮೆನು ಹೆಸರುಗಳನ್ನು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಹೇಗಿವೆಯೋ ಹಾಗೇ ಕನ್ನಡ ಅಕ್ಷರದಲ್ಲಿ ಕೊಟ್ಟಿದೆ. ಹೇಳಿರುವುದು ವಿಂಡೋಸ್ 10 ಮತ್ತು 11ಕ್ಕೆ.

ಅರ್ಧ ನಿಮಿಷದ ಪರೀಕ್ಷೆ

ಪರದೆ ಸ್ತಬ್ಧವಾಗಿದೆ ಅನ್ನಿ. ಪವರ್ ಗುಂಡಿಗೆ ಕೈ ಹಾಕುವ ಮೊದಲು ಇಷ್ಟು ಮಾಡಿ.

1. ಕ್ಯಾಪ್ಸ್‌ಲಾಕ್ ಕೀ ಒತ್ತಿ. ಕೀಬೋರ್ಡಿನ ಪುಟ್ಟ ದೀಪ ಹತ್ತಿ ಆರುತ್ತದೆಯೇ? ಆ ದೀಪವನ್ನು ಹತ್ತಿಸುವುದು ಕೀಬೋರ್ಡ್ ತಾನಾಗಿ ಅಲ್ಲ. ಕೀ ಒತ್ತಿದ ಸುದ್ದಿ ಆಪರೇಟಿಂಗ್ ಸಿಸ್ಟಮಿಗೆ (ಇಲ್ಲಿ ವಿಂಡೋಸ್‌ಗೆ) ಹೋಗಿ, ಅಲ್ಲಿಂದ ಅಪ್ಪಣೆ ವಾಪಸು ಬರಬೇಕು. ದೀಪ ಹತ್ತಿದರೆ ಕರ್ನೆಲ್ ಜೀವಂತ.
2. ಆಲ್ಟ್ + ಟ್ಯಾಬ್ ಒತ್ತಿ ಬೇರೆ ಕಿಟಕಿಗೆ ಹೋಗಿ. ಅದು ಸರಿಯಾಗಿ ನಡೆದರೆ ತಪ್ಪು ಒಂದು ಅಪ್ಲಿಕೇಶನ್‌ನದ್ದು ಮಾತ್ರ.
3. ಯಾವ ಕಿಟಕಿಯೂ ಬಗ್ಗದಿದ್ದರೆ ಕಂಟ್ರೋಲ್ + ಆಲ್ಟ್ + ಡಿಲೀಟ್. ಈ ಮೂರು ಕೀ ಒಟ್ಟಿಗೆ ಒತ್ತಿದ್ದನ್ನು ಯಾವ ಅಪ್ಲಿಕೇಶನ್ನೂ ನಡುವೆ ಹಿಡಿಯಲಾರದು, ನೇರ ವಿಂಡೋಸ್‌ಗೇ ಹೋಗುತ್ತದೆ. ಆ ಪರದೆ ಬಂದರೆ ಕೆಟ್ಟಿರುವುದು ಶೆಲ್ ಇಲ್ಲವೇ ಅಪ್ಲಿಕೇಶನ್.
4. ಮೌಸಿನ ಬಾಣ ಓಡಾಡುತ್ತಿದೆ, ಪರದೆ ಮಾತ್ರ ಕಪ್ಪು ಎಂದಾದರೆ ವಿಂಡೋಸ್ ಕೀ + ಕಂಟ್ರೋಲ್ + ಶಿಫ್ಟ್ + ಬಿ. ಒಂದು ಬೀಪ್ ಬಂದು ಪರದೆ ಮಿನುಗುತ್ತದೆ. ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಯಿತು ಎಂದು ಅರ್ಥ. ತೆರೆದಿಟ್ಟ ಕೆಲಸಕ್ಕೆ ಧಕ್ಕೆಯಿಲ್ಲ.

ಈ ನಾಲ್ಕಕ್ಕೂ ಉತ್ತರವಿಲ್ಲದಿದ್ದರೆ ಮಾತ್ರ ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಅದುಮಿ ಹಿಡಿಯಿರಿ. ಗೋಡೆಯ ಸ್ವಿಚ್ ಆರಿಸುವ ಅಭ್ಯಾಸ ಒಳ್ಳೆಯದಲ್ಲ. ಡಿಸ್ಕ್ ಬರೆಯುತ್ತಿರುವಾಗ ಹಾಗೆ ಮಾಡಿದರೆ ಬರೆಯುತ್ತಿದ್ದ ಫೈಲ್ ಅರ್ಧಕ್ಕೇ ನಿಲ್ಲುತ್ತದೆ.

ಗುಂಡಿ ಒತ್ತಿದಲ್ಲಿಂದ ಡೆಸ್ಕ್‌ಟಾಪ್‌ವರೆಗೆ

ಪವರ್ ಗುಂಡಿ ಒತ್ತಿದ ಕೂಡಲೇ ಏಳುವುದು ವಿಂಡೋಸ್ ಅಲ್ಲ, ಫರ್ಮ್‌ವೇರ್. ಅದು ಮೊದಲು ಪ್ರೊಸೆಸರ್, ಮೆಮೊರಿ ಎನ್ನುವ ರ್‍ಯಾಮ್, ಡಿಸ್ಪ್ಲೇ ಇವೆಯೇ ಎಂದು ತಡಕಿ ನೋಡುತ್ತದೆ. ಎಲ್ಲ ಸರಿಯಿದ್ದರೆ ಬೂಟ್ ಆಗಬೇಕಾದ, ಅಂದರೆ ವಿಂಡೋಸ್ ಶುರುವಾಗಬೇಕಾದ ಡಿಸ್ಕನ್ನು ಹುಡುಕಿ, ಅದರಲ್ಲಿರುವ ಬೂಟ್‌ಲೋಡರ್ ಎಂಬ ಸಣ್ಣ ಪ್ರೋಗ್ರಾಮಿಗೆ ಅಧಿಕಾರ ಒಪ್ಪಿಸುತ್ತದೆ. ಬೂಟ್‌ಲೋಡರ್ ಕರ್ನೆಲನ್ನು ಮೆಮೊರಿಗೆ ತರುತ್ತದೆ, ಕರ್ನೆಲ್ ಡ್ರೈವರ್‌ಗಳನ್ನು ಎಬ್ಬಿಸುತ್ತದೆ, ಆಮೇಲೆ ಲಾಗಿನ್ ಪುಟ, ಪಾಸ್‌ವರ್ಡ್ ಕೊಟ್ಟ ಮೇಲೆ ಶೆಲ್. ಕಂಪನಿಯ ಲೋಗೋ ಕಾಣುವ ಮೊದಲೇ ನಿಂತರೆ ತಪ್ಪು ಹಾರ್ಡ್‌ವೇರಿನದ್ದು. ಲೋಗೋ ಬಂದು, ಚುಕ್ಕಿಗಳು ಸುತ್ತುವಲ್ಲಿ ನಿಂತರೆ ಡ್ರೈವರ್ ಇಲ್ಲವೇ ಡಿಸ್ಕ್. ಪಾಸ್‌ವರ್ಡ್ ಕೊಟ್ಟ ಮೇಲೆ ನಿಂತರೆ ಶೆಲ್, ಇಲ್ಲವೇ ಲಾಗಿನ್ ಆದೊಡನೆ ತಾವಾಗಿಯೇ ಶುರುವಾಗುವ ಪ್ರೋಗ್ರಾಮ್‌ಗಳ ಗದ್ದಲ.

ಕರಾವಳಿಯಲ್ಲಿ ಮೊದಲ ಬಗೆಯ ತೊಂದರೆ ಹೆಚ್ಚು, ಕಾರಣ ಉಪ್ಪುಗಾಳಿ ಮತ್ತು ತೇವ. ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿಟ್ಟ ಡೆಸ್ಕ್‌ಟಾಪ್ ಒಂದು ದಿನ ಬೀಪ್ ಬೀಪ್ ಎನ್ನುತ್ತದೆ, ಪರದೆಯಲ್ಲಿ ಏನೂ ಇಲ್ಲ. ರ್‍ಯಾಮ್ ಕಡ್ಡಿಯ ಸಂಪರ್ಕ ಪಟ್ಟಿಯ ಮೇಲೆ ತೆಳುವಾದ ಪೊರೆ ಕೂತು ಸಂಪರ್ಕ ತಪ್ಪಿರುವುದೇ ಸಾಮಾನ್ಯ ಕಾರಣ. ಡೆಸ್ಕ್‌ಟಾಪ್ ಆದರೆ ಮನೆಯಲ್ಲೇ ಸರಿ ಮಾಡಬಹುದು.

ಪವರ್ ಕೇಬಲ್ ಕಿತ್ತುಬಿಡಿ. ಕಿತ್ತ ಮೇಲೆ ಪವರ್ ಗುಂಡಿಯನ್ನು ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟು ಇಳಿಯುತ್ತದೆ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ಮೈಮೇಲಿನ ಸ್ಥಿರ ವಿದ್ಯುತ್ ಹೋಗಲಿ. ರ್‍ಯಾಮ್ ಕಡ್ಡಿಯ ತುದಿಯ ಕೊಂಡಿಯನ್ನು ಹೊರಕ್ಕೆ ಒತ್ತಿದರೆ ಕಡ್ಡಿ ಮೇಲೇಳುತ್ತದೆ (ಕೆಲವು ಬೋರ್ಡುಗಳಲ್ಲಿ ಒಂದೇ ಬದಿಗೆ ಕೊಂಡಿ, ಇನ್ನು ಕೆಲವಲ್ಲಿ ಎರಡೂ ಬದಿಗೆ). ಅಂಚುಗಳನ್ನು ಮಾತ್ರ ಹಿಡಿದು, ಬಂಗಾರದ ಬಣ್ಣದ ಪಟ್ಟಿಯನ್ನು ಮಕ್ಕಳ ಪೆನ್ಸಿಲಿನ ಮೆತ್ತನೆಯ ಬಿಳಿ ರಬ್ಬರಿನಿಂದ ಎರಡೂ ಬದಿ ಹಗುರವಾಗಿ ಉಜ್ಜಿ. ರಬ್ಬರಿನ ಪುಡಿಯನ್ನು ಒಣ ಬ್ರಶ್ಶಿನಿಂದ ಕೊಡವಿ. ಪುಡಿ ಸ್ಲಾಟಿನೊಳಗೆ ಬಿದ್ದರೆ ಹೊಸ ತಲೆನೋವು, ಆದ್ದರಿಂದ ಉಜ್ಜುವ ಕೆಲಸ ಕ್ಯಾಬಿನೆಟ್ಟಿನಿಂದ ದೂರ. ಸ್ಲಾಟನ್ನು ಬಾಯಿಂದ ಊದಬೇಡಿ, ಉಸಿರಿನಲ್ಲೂ ತೇವವಿದೆ. ಕಡ್ಡಿಯ ಕಚ್ಚು ಸ್ಲಾಟಿನ ಉಬ್ಬಿಗೆ ಹೊಂದುವಂತೆ ಇಟ್ಟು, ‘ಟಕ್’ ಎನ್ನುವವರೆಗೆ ಎರಡೂ ತುದಿ ಸಮನಾಗಿ ಒತ್ತಿ. ಲೋಹದಲ್ಲಿ ಹಸಿರು ಕಿಲುಬು ಕಂಡರೆ ಮಾತ್ರ ಇದು ರಬ್ಬರಿನ ಕೆಲಸವಲ್ಲ, ಬೋರ್ಡನ್ನು ಬಲ್ಲವರಿಗೆ ತೋರಿಸಬೇಕು.

ಇನ್ನೊಂದು, ಯಾರೂ ಅನುಮಾನ ಪಡದ ಬಡಪಾಯಿ: ಮದರ್‌ಬೋರ್ಡಿನ ಗುಂಡಿ ಸೆಲ್. ಸಿಆರ್2032, 3 ವೋಲ್ಟ್. ಕರೆಂಟು ಇಲ್ಲದಾಗಲೂ ಗಡಿಯಾರ ನಡೆಸುವುದು ಇದರ ಕೆಲಸ. ಇದು ಸತ್ತರೆ ಪ್ರತಿ ಸಲ ಆನ್ ಮಾಡಿದಾಗ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಓಡುತ್ತದೆ. ಬಳಕೆದಾರರಿಗೆ ಇದು ಕಾಣುವುದು ಮಾತ್ರ ಬೇರೆಯೇ ವೇಷದಲ್ಲಿ. ಬ್ಯಾಂಕಿನ ಪುಟ ತೆರೆಯುವುದಿಲ್ಲ, ಪಹಣಿ ತೆಗೆಯಲು ಹೋದರೆ ‘ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್’ ಎಂಬ ಎಚ್ಚರಿಕೆ. ಪ್ರತಿ ಸುರಕ್ಷಿತ ತಾಣದ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಆ ದಿನ ಇನ್ನೂ ಬಂದೇ ಇಲ್ಲ. ನೆಟ್‌ವರ್ಕಿನವರನ್ನು ಬೈಯುವ ಮೊದಲು ಪರದೆಯ ಕೆಳಗಿನ ಮೂಲೆಯಲ್ಲಿ ತಾರೀಖು ನೋಡಿ.

ಸೆಲ್ ಬದಲಿಸುವ ಮುನ್ನ ಫರ್ಮ್‌ವೇರಿನ ಸೆಟಪ್ ಪುಟಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಅಲ್ಲಿಗೆ ಹೋಗಲು ಆನ್ ಮಾಡಿದ ಕೂಡಲೇ ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಸ್ಕೇಪ್, ಲೆನೊವೊದಲ್ಲಿ ಎಫ್1 ಅಥವಾ ಎಫ್2, ಅಸೆಂಬಲ್ ಮಾಡಿದ ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಡಿಲೀಟ್ ಕೀಯನ್ನು ಬಿಟ್ಟು ಬಿಟ್ಟು ಒತ್ತಬೇಕು. ಫೋಟೊ ಯಾಕೆಂದರೆ, ಸೆಲ್ ತೆಗೆದಾಗ ಹಳೆಯ ಬೋರ್ಡುಗಳಲ್ಲಿ ಸೆಟ್ಟಿಂಗೆಲ್ಲ ಕಾರ್ಖಾನೆಯ ಸ್ಥಿತಿಗೆ ಮರಳಬಹುದು. ಡಿಸ್ಕ್ ಓದುವ ವಿಧಾನ ಎಎಚ್‌ಸಿಐ ಇದ್ದದ್ದು ಇನ್ನೊಂದಕ್ಕೆ ಬದಲಾದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಡಿಸ್ಕ್ ಹಾಳಾಯಿತೆಂದು ತಿಳಿದು ಫಾರ್ಮ್ಯಾಟ್ ಮಾಡಿಸುವವರಿದ್ದಾರೆ. ಹಳೆಯ ಸೆಟ್ಟಿಂಗ್ ಮರಳಿ ಹಾಕಿದರೆ ಸಾಕಿತ್ತು. ಹೊಸ ಯಂತ್ರಗಳಲ್ಲಿ ಇನ್ನೊಂದು ಅಪಾಯ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ, ಫರ್ಮ್‌ವೇರ್ ಬದಲಾದದ್ದನ್ನು ಕಂಡು ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಇವತ್ತೇ ಹುಡುಕಿ ಕಾಗದದ ಮೇಲೆ ಬರೆದಿಡಿ. ಕೀ ಇಲ್ಲವೆಂದರೆ ಡಿಸ್ಕಿನಲ್ಲಿದ್ದದ್ದು ಹೋದ ಹಾಗೇ.

ಶಟ್‌ಡೌನ್ ಮಾಡಿದರೆ ನಿಜಕ್ಕೂ ಆರುವುದಿಲ್ಲ

‘ದಿನಾ ಬಂದ್ ಮಾಡಿ ಶುರು ಮಾಡ್ತೇನೆ, ಆದ್ರೂ ಸ್ಲೋ’ ಎನ್ನುವವರು ಇದನ್ನು ಓದಲೇಬೇಕು. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡಿದೆ. ಶಟ್‌ಡೌನ್ ಒತ್ತಿದಾಗ ನಿಮ್ಮ ಅಪ್ಲಿಕೇಶನ್‌ಗಳು ಮುಚ್ಚುತ್ತವೆ, ನೀವು ಲಾಗ್‌ಔಟ್ ಆಗುತ್ತೀರಿ. ಕರ್ನೆಲ್ ಮತ್ತು ಡ್ರೈವರ್‌ಗಳ ಆ ಕ್ಷಣದ ಸ್ಥಿತಿ ಮಾತ್ರ ಹಾಗೇ ಡಿಸ್ಕಿಗೆ ಬರೆದಿಡಲ್ಪಡುತ್ತದೆ. ಮರುದಿನ ಅದನ್ನೇ ಮತ್ತೆ ಎತ್ತಿ ಮೆಮೊರಿಗೆ ಹಾಕುತ್ತದೆ. ಬೇಗ ಶುರುವಾಗುತ್ತದೆ, ನಿಜ. ನಿನ್ನೆ ಡ್ರೈವರಿನಲ್ಲಿದ್ದ ಗೊಂದಲವೂ ಅದರ ಜೊತೆಗೇ ಏಳುತ್ತದೆ. ನಿನ್ನೆಯ ಸಾರನ್ನೇ ಬಿಸಿ ಮಾಡಿ ಬಡಿಸಿದ ಹಾಗೆ.

ರಿಸ್ಟಾರ್ಟ್ ಹಾಗಲ್ಲ. ಅದು ಎಲ್ಲವನ್ನೂ ಇಳಿಸಿ ಮೊದಲಿನಿಂದ ಶುರು ಮಾಡುತ್ತದೆ. ತೊಂದರೆ ಬಂದಾಗ ರಿಸ್ಟಾರ್ಟ್ ಮಾಡಿ ನೋಡಿ ಎನ್ನುವುದು ಇದಕ್ಕೇ. ಪರೀಕ್ಷಿಸಬೇಕೆಂದರೆ ಕಂಟ್ರೋಲ್ + ಶಿಫ್ಟ್ + ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ‘ಪರ್ಫಾರ್ಮೆನ್ಸ್’ನಲ್ಲಿ ‘ಸಿಪಿಯು’ ಒತ್ತಿ, ಕೆಳಗೆ ‘ಅಪ್ ಟೈಮ್’ ನೋಡಿ. ದಿನವೂ ಬಂದ್ ಮಾಡುವ ಯಂತ್ರದಲ್ಲೂ ಅಲ್ಲಿ ಹನ್ನೆರಡು ದಿನ, ಇಪ್ಪತ್ತು ದಿನ ಎಂದು ಕಾಣುವುದುಂಟು.

ಪೂರ್ತಿ ನಿಲ್ಲಿಸಲು ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿ. ಈ ಏರ್ಪಾಡೇ ಬೇಡವೆಂದರೆ ಕಂಟ್ರೋಲ್ ಪ್ಯಾನೆಲ್, ‘ಪವರ್ ಆಪ್ಷನ್ಸ್’, ‘ಚೂಸ್ ವಾಟ್ ದ ಪವರ್ ಬಟನ್ಸ್ ಡು’, ಅಲ್ಲಿ ‘ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್’ ಒತ್ತಿ, ‘ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್’ ಎದುರಿನ ಟಿಕ್ ತೆಗೆದು ಸೇವ್ ಮಾಡಿ. ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಇರುವ ಯಂತ್ರದಲ್ಲಿ ಇದರಿಂದ ಕಳೆದುಕೊಳ್ಳುವುದು ಕೆಲವೇ ಸೆಕೆಂಡು. ನಮ್ಮ ಮಾತು ಕೇಳುವುದಾದರೆ ತೆಗೆದೇಬಿಡಿ.

ಸ್ಲೀಪ್ ಮತ್ತು ಹೈಬರ್ನೇಟ್ ನಡುವಿನ ವ್ಯತ್ಯಾಸ ಕರೆಂಟು ಹೋಗುವ ಊರಿನವರಿಗೆ ಮುಖ್ಯ. ಸ್ಲೀಪಿನಲ್ಲಿ ಕೆಲಸ ರ್‍ಯಾಮಿನಲ್ಲೇ ಇರುತ್ತದೆ, ಅದಕ್ಕೆ ಸ್ವಲ್ಪ ಕರೆಂಟು ಬೇಕೇ ಬೇಕು. ಹೈಬರ್ನೇಟ್ ಎಲ್ಲವನ್ನೂ ಡಿಸ್ಕಿಗೆ ಬರೆದು ಪೂರ್ತಿ ಆರುತ್ತದೆ. ಲ್ಯಾಪ್‌ಟಾಪಿಗೆ ಸ್ಲೀಪ್ ಸಾಕು. ಊಟಕ್ಕೆ ಎದ್ದು ಹೋಗುವಾಗ ಡೆಸ್ಕ್‌ಟಾಪನ್ನು ಹೈಬರ್ನೇಟ್‌ಗೆ ಹಾಕಿ. ಮೇಲಿನ ಪುಟದಲ್ಲೇ ಅದಕ್ಕೂ ಟಿಕ್ ಇದೆ.

ಡ್ರೈವರ್: ನಡುವಿನ ದುಭಾಷಿ

ಪ್ರಿಂಟರಿನ ಭಾಷೆ ಕರ್ನೆಲಿಗೆ ಬಾರದು, ಕರ್ನೆಲಿನ ಭಾಷೆ ಪ್ರಿಂಟರಿಗೆ ಬಾರದು. ನಡುವೆ ನಿಂತು ಮಾತಾಡಿಸುವ ಪ್ರೋಗ್ರಾಮೇ ಡ್ರೈವರ್. ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿವೈಸ್ ಮ್ಯಾನೇಜರ್’ ತೆರೆದರೆ ಪಟ್ಟಿ ಕಾಣುತ್ತದೆ. ಹಳದಿ ತ್ರಿಕೋನವಿದ್ದರೆ ಡ್ರೈವರ್ ಇಲ್ಲ ಅಥವಾ ಸರಿಯಿಲ್ಲ. ಅಪ್‌ಡೇಟ್ ಆದ ಮರುದಿನವೇ ಧ್ವನಿಯೋ ವೈಫೈಯೋ ಕೆಟ್ಟಿದ್ದರೆ, ಅದರ ‘ಪ್ರಾಪರ್ಟೀಸ್’ನಲ್ಲಿ ‘ಡ್ರೈವರ್’ ಪುಟಕ್ಕೆ ಹೋಗಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ. ಹಿಂದಿನದು ಉಳಿದಿದ್ದರೆ ಮರಳಿ ಬರುತ್ತದೆ. ‘ಎಲ್ಲ ಡ್ರೈವರ್ ಅಪ್‌ಡೇಟ್ ಮಾಡಿಕೊಡುತ್ತೇವೆ’ ಎಂಬ ಜಾಹೀರಾತಿನ ಪ್ರೋಗ್ರಾಮ್‌ಗಳನ್ನು ಮಾತ್ರ ಹತ್ತಿರ ಸೇರಿಸಬೇಡಿ. ಡ್ರೈವರ್ ಬೇಕಾದರೆ ವಿಂಡೋಸ್ ಅಪ್‌ಡೇಟ್ ಅಥವಾ ಯಂತ್ರ ಮಾಡಿದ ಕಂಪನಿಯ ತಾಣ, ಮೂರನೆಯವರು ಬೇಡ.

ಅಂಗಡಿಗಳಲ್ಲಿ ನಿತ್ಯದ ಗೋಳು ಪ್ರಿಂಟಿನದು. ಹತ್ತು ಜನ ಸಾಲಿನಲ್ಲಿ ನಿಂತಿರುವಾಗಲೇ ಒಂದು ಪುಟ ಸಿಕ್ಕಿಕೊಂಡು, ಕ್ಯಾನ್ಸಲ್ ಮಾಡಿದರೆ ‘ಡಿಲೀಟಿಂಗ್’ ಎಂದು ತೋರಿಸುತ್ತ ಅಲ್ಲೇ ನಿಲ್ಲುತ್ತದೆ. ಪ್ರಿಂಟರ್ ಆರಿಸಿ ಹಾಕಿದರೂ ಪ್ರಯೋಜನವಿಲ್ಲ, ಏಕೆಂದರೆ ಸಿಕ್ಕಿಕೊಂಡಿರುವುದು ಪ್ರಿಂಟರಿನಲ್ಲಲ್ಲ, ಪ್ರಿಂಟ್ ಸ್ಪೂಲರ್ ಎಂಬ ಸೇವೆಯ ಸರದಿಯಲ್ಲಿ. ಅದನ್ನು ಖಾಲಿ ಮಾಡುವ ಕ್ರಮ:

1. ಸ್ಟಾರ್ಟ್‌ನಲ್ಲಿ ‘ಸರ್ವಿಸಸ್’ ಎಂದು ಹುಡುಕಿ ತೆರೆಯಿರಿ. ಪಟ್ಟಿಯಲ್ಲಿ ‘ಪ್ರಿಂಟ್ ಸ್ಪೂಲರ್’ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಟಾಪ್’.
2. ಫೈಲ್ ಎಕ್ಸ್‌ಪ್ಲೋರರಿನಲ್ಲಿ ಸಿ ಡ್ರೈವ್, ಅದರೊಳಗೆ ವಿಂಡೋಸ್, ಸಿಸ್ಟಮ್32, ಸ್ಪೂಲ್, ಪ್ರಿಂಟರ್ಸ್. ಅನುಮತಿ ಕೇಳಿದರೆ ‘ಕಂಟಿನ್ಯೂ’ ಒತ್ತಿ. ಒಳಗಿರುವ ಫೈಲ್‌ಗಳನ್ನೆಲ್ಲ ಅಳಿಸಿ. ಫೋಲ್ಡರ್ ಇರಲಿ, ಅದನ್ನು ಅಳಿಸಬೇಡಿ.
3. ಮತ್ತೆ ಸರ್ವಿಸಸ್‌ಗೆ ಬಂದು ಸ್ಪೂಲರನ್ನು ‘ಸ್ಟಾರ್ಟ್’ ಮಾಡಿ.

ಪ್ರಿಂಟರಿನ ಹೆಸರಿನ ಮುಂದೆ ‘ಕಾಪಿ 1’ ಎಂದು ಇನ್ನೊಂದು ಹುಟ್ಟಿಕೊಂಡಿದ್ದರೆ, ಯಾರೋ ಯುಎಸ್‌ಬಿ ಕೇಬಲನ್ನು ಕಿತ್ತು ಬೇರೆ ಕಿಂಡಿಗೆ ಹಾಕಿದ್ದಾರೆ. ವಿಂಡೋಸ್ ಅದನ್ನು ಹೊಸ ಪ್ರಿಂಟರ್ ಎಂದು ತಿಳಿದಿದೆ. ಹಳೆಯ ಹೆಸರಿಗೆ ಕಳಿಸಿದ ಪ್ರಿಂಟುಗಳು ‘ಆಫ್‌ಲೈನ್’ ಎನ್ನುತ್ತ ಕಾಯುತ್ತಿರುತ್ತವೆ. ಕೇಬಲನ್ನು ಮೊದಲಿನ ಕಿಂಡಿಗೇ ಹಾಕಿ, ಆ ಕಿಂಡಿಗೊಂದು ಸ್ಟಿಕ್ಕರ್ ಅಂಟಿಸಿ.

ಕಣ್ಣಿಗೆ ಕಾಣುವ ಪದರ

ಟಾಸ್ಕ್‌ಬಾರ್ ಮಾಯವಾಗಿದೆ, ಡೆಸ್ಕ್‌ಟಾಪಿನಲ್ಲಿ ಒಂದೂ ಚಿತ್ರವಿಲ್ಲ, ಬರೀ ಹಿನ್ನೆಲೆ. ಫೈಲ್‌ಗಳು ಹೋದವೆಂದು ಎದೆ ಒಡೆದುಕೊಳ್ಳಬೇಡಿ, ಬಿದ್ದಿರುವುದು ಶೆಲ್ ಒಂದೇ. ಟಾಸ್ಕ್ ಮ್ಯಾನೇಜರ್ ತೆರೆದು, ಪಟ್ಟಿಯಲ್ಲಿ ‘ವಿಂಡೋಸ್ ಎಕ್ಸ್‌ಪ್ಲೋರರ್’ ಇದ್ದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ರಿಸ್ಟಾರ್ಟ್’. ಇಲ್ಲವೇ ಇಲ್ಲ ಅಂದರೆ ‘ರನ್ ನ್ಯೂ ಟಾಸ್ಕ್’ ಒತ್ತಿ, ಎಕ್ಸ್‌ಪ್ಲೋರರ್ ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್. ಎರಡು ಕ್ಷಣದಲ್ಲಿ ಎಲ್ಲ ಮರಳುತ್ತದೆ. ತೆರೆದಿಟ್ಟ ಎಕ್ಸೆಲ್ ಹಾಳೆಗೂ ಏನೂ ಆಗುವುದಿಲ್ಲ.

ಡೆಸ್ಕ್‌ಟಾಪ್ ಎಂಬುದೂ ಒಂದು ಫೋಲ್ಡರೇ. ಅಲ್ಲಿರುವ ಚಿತ್ರಗಳಲ್ಲಿ ಎರಡು ಜಾತಿ. ಎಡ ಕೆಳಮೂಲೆಯಲ್ಲಿ ಬಾಗಿದ ಸಣ್ಣ ಬಾಣವಿದ್ದರೆ ಅದು ಶಾರ್ಟ್‌ಕಟ್, ಬೇರೆಲ್ಲೋ ಇರುವ ಪ್ರೋಗ್ರಾಮಿಗೆ ತೋರುಬೆರಳು ಮಾತ್ರ. ಅಳಿಸಿದರೆ ಪ್ರೋಗ್ರಾಮಿಗೆ ಏನೂ ಆಗದು. ಬಾಣವಿಲ್ಲದಿದ್ದರೆ ಅದೇ ನಿಜವಾದ ಫೈಲ್. ಪೆನ್‌ಡ್ರೈವಿಗೆ ಶಾರ್ಟ್‌ಕಟ್ ಕಾಪಿ ಮಾಡಿಕೊಂಡು ಹೋಗಿ, ಇನ್ನೊಂದು ಯಂತ್ರದಲ್ಲಿ ತೆರೆಯದೆ ಪರದಾಡುವುದು ಈ ವ್ಯತ್ಯಾಸ ತಿಳಿಯದ್ದರಿಂದ.

ಕಿಟಕಿ ಬಿಳಿಚಿಕೊಂಡು ಮೇಲ್ಪಟ್ಟಿಯಲ್ಲಿ ‘ನಾಟ್ ರೆಸ್ಪಾಂಡಿಂಗ್’ ಎಂದು ಬರುವುದರ ಹಿಂದೆ ಸರಳ ಲೆಕ್ಕವಿದೆ. ನಿಮ್ಮ ಪ್ರತಿ ಕ್ಲಿಕ್ಕನ್ನೂ ಪ್ರತಿ ಕೀಯನ್ನೂ ವಿಂಡೋಸ್ ಆ ಅಪ್ಲಿಕೇಶನ್‌ನ ಸರದಿಯಲ್ಲಿ ಇಡುತ್ತದೆ. ಅಪ್ಲಿಕೇಶನ್ ಸುಮಾರು 5 ಸೆಕೆಂಡ್ ಆ ಸರದಿಯನ್ನು ನೋಡದಿದ್ದರೆ ವಿಂಡೋಸ್ ಈ ಹಣೆಪಟ್ಟಿ ಹಚ್ಚುತ್ತದೆ. ಸತ್ತಿದೆ ಎಂದಲ್ಲ, ಕೈತುಂಬ ಕೆಲಸವಿದೆ ಎಂದೂ ಇರಬಹುದು. ಈ ಹೊತ್ತಿನಲ್ಲಿ ಸಿಟ್ಟಿನಿಂದ ಹತ್ತು ಸಲ ಕ್ಲಿಕ್ ಮಾಡಿದರೆ ಹತ್ತೂ ಸರದಿಯಲ್ಲಿ ಕೂರುತ್ತವೆ; ಎಚ್ಚರವಾದ ಮೇಲೆ ಎಲ್ಲವೂ ಒಂದರ ಹಿಂದೊಂದು ಜಾರಿಯಾಗಿ, ಬೇಡದ್ದೆಲ್ಲ ತೆರೆಯುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ಆ ಅಪ್ಲಿಕೇಶನ್‌ನ ಸಿಪಿಯು ಮತ್ತು ಡಿಸ್ಕ್ ಅಂಕಿ ನೋಡಿ. ಅಂಕಿ ಬದಲಾಗುತ್ತಿದ್ದರೆ ಕಾಯಿರಿ. ನಿಮಿಷಗಟ್ಟಲೆ ಸೊನ್ನೆಯಲ್ಲೇ ನಿಂತಿದ್ದರೆ ‘ಎಂಡ್ ಟಾಸ್ಕ್’.

ಅದಕ್ಕೂ ಮೊದಲು ಒಂದು ಅನುಮಾನ ಪರಿಹರಿಸಿಕೊಳ್ಳಿ. ಕ್ಲಿಕ್ ಮಾಡಿದಾಗಲೆಲ್ಲ ‘ಡಿಂಗ್’ ಎಂದು ಸದ್ದಾಗಿ ಏನೂ ಆಗದಿದ್ದರೆ, ‘ಸೇವ್ ಮಾಡಲೇ?’ ಎಂದು ಕೇಳುವ ಪುಟ್ಟ ಪೆಟ್ಟಿಗೆಯೊಂದು ದೊಡ್ಡ ಕಿಟಕಿಯ ಹಿಂದೆ ಅಡಗಿ ಕೂತಿದೆ. ಅದಕ್ಕೆ ಉತ್ತರ ಸಿಗುವವರೆಗೆ ಮುಖ್ಯ ಕಿಟಕಿ ಮಿಸುಕುವುದಿಲ್ಲ. ಆಲ್ಟ್ + ಟ್ಯಾಬ್ ಒತ್ತಿ ಹುಡುಕಿ, ಇಲ್ಲವೇ ಒಮ್ಮೆ ಎಸ್ಕೇಪ್ ಒತ್ತಿ ನೋಡಿ.

ಮೆನುಗಳಿಗೂ ಒಂದು ವ್ಯಾಕರಣವಿದೆ. ಆದೇಶದ ಮುಂದೆ ಮೂರು ಚುಕ್ಕಿಗಳಿದ್ದರೆ ಒತ್ತಿದ ಕೂಡಲೇ ಏನೂ ಆಗುವುದಿಲ್ಲ, ಇನ್ನೂ ವಿವರ ಕೇಳುತ್ತದೆ. ಧೈರ್ಯವಾಗಿ ಒತ್ತಿ ನೋಡಬಹುದು. ಬೂದು ಬಣ್ಣದಲ್ಲಿದ್ದರೆ ಆ ಆದೇಶ ಕೆಟ್ಟಿಲ್ಲ, ಈಗಿನ ಸ್ಥಿತಿಗೆ ಹೊಂದುವುದಿಲ್ಲ ಅಷ್ಟೆ: ಏನನ್ನೂ ಆಯ್ಕೆ ಮಾಡದೆ ‘ಕಾಪಿ’ ಎಲ್ಲಿಂದ ಬರಬೇಕು? ಗೋಲ ಗುಂಡಿಗಳಲ್ಲಿ ಒಂದನ್ನು ಮಾತ್ರ ಆರಿಸಬಹುದು, ಚೌಕಗಳಲ್ಲಿ ಬೇಕಾದಷ್ಟು. ‘ಅಪ್ಲೈ’ ಒತ್ತಿದರೆ ಬದಲಾವಣೆ ಜಾರಿಯಾಗಿ ಪೆಟ್ಟಿಗೆ ತೆರೆದೇ ಇರುತ್ತದೆ, ‘ಓಕೆ’ ಒತ್ತಿದರೆ ಜಾರಿಯಾಗಿ ಮುಚ್ಚುತ್ತದೆ. ಅಪ್ಲೈ ಒತ್ತಿದ ಮೇಲೆ ಕ್ಯಾನ್ಸಲ್ ಒತ್ತಿದರೆ ಹಳೆಯದು ಮರಳುವುದಿಲ್ಲ.

ಮೌಸ್ ಸತ್ತರೂ ಕೆಲಸ ನಿಲ್ಲಬೇಕಿಲ್ಲ. ವಿಂಡೋಸ್ ಕೀ ಒತ್ತಿ ಬೇಕಾದದ್ದರ ಹೆಸರು ಬರೆದು ಎಂಟರ್. ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಟ್ಯಾಬ್, ಹಿಂದಕ್ಕೆ ಶಿಫ್ಟ್ + ಟ್ಯಾಬ್. ಟಿಕ್ ಹಾಕಲು ಸ್ಪೇಸ್. ಮುಚ್ಚಲು ಆಲ್ಟ್ + ಎಫ್4.

ಫೈಲ್ ಎಲ್ಲಿದೆ, ಯಾವ ಜಾತಿಯದು

ಫೈಲ್ ಹೆಸರಿನ ಕೊನೆಯ ಚುಕ್ಕಿಯ ನಂತರದ ಅಕ್ಷರಗಳನ್ನು ವಿಂಡೋಸ್ ಮೊದಲಿಗೆ ಮುಚ್ಚಿಟ್ಟಿರುತ್ತದೆ. ಇದು ಒಳ್ಳೆಯದಲ್ಲ. ‘ಅಡಿಕೆ ಪಟ್ಟಿ ಡಾಟ್ ಪಿಡಿಎಫ್’ ಎಂದು ಕಾಣುವ ಫೈಲಿನ ನಿಜವಾದ ಕೊನೆ ‘ಡಾಟ್ ಇಎಕ್ಸ್‌ಇ’ ಆಗಿದ್ದರೆ ಅದು ಪ್ರೋಗ್ರಾಮ್, ತೆರೆದರೆ ವೈರಸ್ಸಿಗೆ ಬಾಗಿಲು ತೆರೆದಂತೆ. ವಿಂಡೋಸ್ 11ರಲ್ಲಿ ಫೈಲ್ ಎಕ್ಸ್‌ಪ್ಲೋರರಿನ ‘ವ್ಯೂ’, ‘ಶೋ’, ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ಗೆ ಟಿಕ್ ಹಾಕಿ. ವಿಂಡೋಸ್ 10ರಲ್ಲಿ ‘ವ್ಯೂ’ ಒತ್ತಿದರೆ ಅಲ್ಲೇ ಸಿಗುತ್ತದೆ.

ಒನ್‌ಡ್ರೈವ್ (ಫೈಲ್‌ಗಳನ್ನು ಇಂಟರ್ನೆಟ್ಟಿನಲ್ಲಿ ಇಡುವ ಮೈಕ್ರೋಸಾಫ್ಟ್‌ನ ಸೇವೆ) ಚಾಲೂ ಇರುವ ಯಂತ್ರದಲ್ಲಿ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರ್‌ಗಳು ನಿಮಗೆ ತಿಳಿಯದೆಯೇ ಇಂಟರ್ನೆಟ್ಟಿಗೆ ಜೋಡಣೆಯಾಗಿರಬಹುದು. ಫೈಲಿನ ಪಕ್ಕದ ಗುರುತು ನೋಡಿ. ಹಸಿರು ಟಿಕ್ ಇದ್ದರೆ ಫೈಲ್ ಯಂತ್ರದಲ್ಲಿದೆ. ನೀಲಿ ಮೋಡವಿದ್ದರೆ ಹೆಸರು ಮಾತ್ರ ಇಲ್ಲಿ, ಫೈಲ್ ಅಲ್ಲಿ. ಘಟ್ಟದ ಕೆಳಗೋ ಮೇಲೋ, ಮಳೆಗೆ ನೆಟ್‌ವರ್ಕ್ ಹೋದ ದಿನವೇ ಸೊಸೈಟಿಯ ಲೆಕ್ಕ ಬೇಕಾಗುತ್ತದೆ, ಮೋಡದ ಗುರುತಿನ ಫೈಲ್ ತೆರೆಯುವುದಿಲ್ಲ. ಮುಖ್ಯವಾದ ಫೋಲ್ಡರುಗಳ ಮೇಲೆ ರೈಟ್ ಕ್ಲಿಕ್ ಮಾಡಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಒತ್ತಿಟ್ಟುಕೊಳ್ಳಿ.

ಇಡೀ ರಾತ್ರಿಯ ಯಕ್ಷಗಾನದ ವಿಡಿಯೊವನ್ನು ಪೆನ್‌ಡ್ರೈವಿಗೆ ಹಾಕಲು ಹೋದರೆ, 32 ಜಿಬಿ ಖಾಲಿಯಿದ್ದರೂ ‘ಫೈಲ್ ತೀರಾ ದೊಡ್ಡದು’ ಎನ್ನುತ್ತದೆ. ಜಾಗದ ಕೊರತೆಯಲ್ಲ, ಡ್ರೈವ್ ಫ್ಯಾಟ್32 ಪದ್ಧತಿಯಲ್ಲಿದೆ. ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. ಒಳಗಿರುವುದನ್ನು ಬೇರೆಡೆ ತೆಗೆದಿಟ್ಟು, ಡ್ರೈವಿನ ಮೇಲೆ ರೈಟ್ ಕ್ಲಿಕ್, ‘ಫಾರ್ಮ್ಯಾಟ್’, ‘ಎಕ್ಸ್‌ಫ್ಯಾಟ್’ ಆರಿಸಿ. ತೀರಾ ಹಳೆಯ ಟಿವಿಗಳು ಎಕ್ಸ್‌ಫ್ಯಾಟ್ ಓದಲಿಕ್ಕಿಲ್ಲ, ಟಿವಿಯಲ್ಲಿ ನೋಡುವುದಾದರೆ ವಿಡಿಯೊವನ್ನೇ ತುಂಡು ಮಾಡುವುದು ವಾಸಿ.

ಕನ್ನಡ ಅಕ್ಷರ ಒಳಗೆ ಹೇಗಿದೆ

‘ಕಾರವಾರ’ ಎಂದು ಬರೆಯಿರಿ. ಕಣ್ಣಿಗೆ ನಾಲ್ಕು ಅಕ್ಷರ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡಿನಲ್ಲಿ ಆರು ಸಂಕೇತ: ಕ, ದೀರ್ಘದ ಚಿಹ್ನೆ, ರ, ವ, ಮತ್ತೆ ದೀರ್ಘ, ರ. ಫೈಲಿನಲ್ಲಿ ಯುಟಿಎಫ್-8 ರೂಪದಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 18. ‘ವಾ’ ಆದ ಮೇಲೆ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒಮ್ಮೆ ಒತ್ತಿದರೆ ‘ವ’ ಉಳಿಯುವುದು ಇದಕ್ಕೇ. ‘ಕಾರ್ಯ’ ಪದದಲ್ಲಿ ಅರ್ಕಾವತ್ತು ಯ-ಕಾರದ ನಂತರ ಕಾಣುತ್ತದೆ, ಒಳಗೆ ಮಾತ್ರ ರ, ಹಲಂತ, ಯ ಎಂಬ ಉಚ್ಚಾರದ ಕ್ರಮವೇ ಇದೆ. ಈ ಸಂಕೇತಗಳನ್ನು ಸರಿಯಾದ ಆಕಾರಕ್ಕೆ ಜೋಡಿಸುವುದು ಫಾಂಟ್ ಮತ್ತು ಸಿಸ್ಟಮಿನ ಅಕ್ಷರ ಜೋಡಿಸುವ ಭಾಗ, ಎರಡರ ಜಂಟಿ ಕೆಲಸ. ವಿಂಡೋಸ್‌ಗೆ ಕನ್ನಡ ಬಂದದ್ದು ಎಕ್ಸ್‌ಪಿ ಕಾಲದಲ್ಲಿ, ತುಂಗಾ ಫಾಂಟಿನೊಡನೆ; ಈಗಿನ ವಿಂಡೋಸ್‌ನಲ್ಲಿ ಆ ಕೆಲಸ ನಿರ್ಮಲಾ ಯುಐ ಫಾಂಟಿನದು.

ಇದು ತಿಳಿದರೆ ಕೆಟ್ಟ ಕನ್ನಡ ಕಂಡೊಡನೆ ಕಾರಣ ಹೇಳಬಹುದು. ಅಕ್ಷರದ ಬದಲು ಖಾಲಿ ಚೌಕಗಳಿದ್ದರೆ ಫಾಂಟ್ ಇಲ್ಲ. ಒತ್ತಕ್ಷರ ಬಿಡಿಬಿಡಿಯಾಗಿ, ಹಲಂತ ಸಮೇತ ಕಂಡರೆ ಜೋಡಿಸುವ ಭಾಗ ಕೆಲಸ ಮಾಡುತ್ತಿಲ್ಲ. ಮದುವೆ ಕಾಗದ ಮಾಡುವವರಿಗೆ ಫೋಟೊಶಾಪಿನಲ್ಲಿ ಹೀಗಾದರೆ ‘ಪ್ರಿಫರೆನ್ಸಸ್’ನ ‘ಟೈಪ್’ ಪುಟದಲ್ಲಿ ‘ವರ್ಲ್ಡ್-ರೆಡಿ’ ಆಯ್ಕೆಯನ್ನು ಆನ್ ಮಾಡಬೇಕು. ಸ್ವಲ್ಪ ಹಿಂದಿನ ಆವೃತ್ತಿಗಳಲ್ಲಿ ಅದರ ಹೆಸರು ‘ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್’. ಇನ್ನು ಇಂಗ್ಲಿಷ್ ಅಕ್ಷರ ಮತ್ತು ವಿಚಿತ್ರ ಚಿಹ್ನೆಗಳ ಕಲಸುಮೇಲೋಗರ ಕಂಡರೆ ಅದು ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟಿನ ಫೈಲ್. ಅಲ್ಲಿ ಒಳಗಿರುವುದು ನಿಜಕ್ಕೂ ಇಂಗ್ಲಿಷ್ ಮತ್ತಿತರ ಸಂಕೇತಗಳೇ, ಫಾಂಟ್ ಅವುಗಳಿಗೆ ಕನ್ನಡದ ವೇಷ ತೊಡಿಸುತ್ತಿತ್ತು. ಫಾಂಟ್ ಹಾಕಿದರೆ ಆ ಯಂತ್ರದಲ್ಲಿ ಕಾಣುತ್ತದೆ, ಮೊಬೈಲಿಗೆ ಕಳಿಸಿದರೆ ಮತ್ತೆ ಅದೇ ಕತೆ. ಶಾಶ್ವತ ಪರಿಹಾರ ಯೂನಿಕೋಡಿಗೆ ಪರಿವರ್ತನೆ, ಪರಿವರ್ತಕಗಳು ಬೇಕಾದಷ್ಟಿವೆ. ಪರಿವರ್ತನೆಯಾದ ಮೇಲೆ ಅಂಕಿಗಳನ್ನೂ ಅರ್ಕಾವತ್ತನ್ನೂ ಕಣ್ಣಾರೆ ಓದಿ ನೋಡಿ, ತಪ್ಪುವುದು ಅಲ್ಲೇ.

ಕನ್ನಡ ಕೀಬೋರ್ಡ್ ಸೇರಿಸಲು ‘ಸೆಟ್ಟಿಂಗ್ಸ್’, ‘ಟೈಮ್ ಆ್ಯಂಡ್ ಲ್ಯಾಂಗ್ವೇಜ್’, ಭಾಷೆಯ ಪುಟ, ‘ಆ್ಯಡ್ ಎ ಲ್ಯಾಂಗ್ವೇಜ್’ ಒತ್ತಿ ಕನ್ನಡ ಆರಿಸಿ. ಪರದೆಯ ಮೆನುಗಳೆಲ್ಲ ಕನ್ನಡವಾಗುವುದು ಬೇಡವಾದರೆ ‘ಸೆಟ್ ಆ್ಯಸ್ ಮೈ ವಿಂಡೋಸ್ ಡಿಸ್ಪ್ಲೇ ಲ್ಯಾಂಗ್ವೇಜ್’ ಟಿಕ್ ತೆಗೆಯಿರಿ. ಮೆನುವಿನ ಭಾಷೆ ಬೇರೆ, ಬರೆಯುವ ಭಾಷೆ ಬೇರೆ. ಆಮೇಲೆ ಕನ್ನಡದ ‘ಲ್ಯಾಂಗ್ವೇಜ್ ಆಪ್ಷನ್ಸ್’ನಲ್ಲಿ ‘ಆ್ಯಡ್ ಎ ಕೀಬೋರ್ಡ್’. ಇಂಗ್ಲಿಷ್ ಕೀಗಳಲ್ಲಿ ಉಚ್ಚಾರ ಬರೆದು ಕನ್ನಡ ಪಡೆಯುವ ಫೊನೆಟಿಕ್ ಕೀಬೋರ್ಡ್ 2019ರ ಮೇ ಅಪ್‌ಡೇಟಿನಿಂದ ವಿಂಡೋಸ್‌ನಲ್ಲೇ ಇದೆ. ವಿಂಡೋಸ್ ಕೀ + ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಲಾಗಿನ್ ಪುಟದಲ್ಲಿ ಸರಿಯಾದ ಪಾಸ್‌ವರ್ಡನ್ನೂ ತಪ್ಪೆನ್ನುತ್ತಿದ್ದರೆ ಮೂಲೆಯಲ್ಲಿ ಭಾಷೆಯ ಗುರುತು ನೋಡಿ, ಕೀಬೋರ್ಡ್ ಕನ್ನಡದಲ್ಲೇ ಉಳಿದಿರಬಹುದು.

ಅಪ್‌ಡೇಟ್, ಮಳೆ, ಕರೆಂಟು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಯಂತ್ರ ನಡೆಯುತ್ತದೆ, ಭದ್ರತೆಯ ತೇಪೆಗಳು ಬರುವುದಿಲ್ಲ. ಹೆಸರು ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟಿನ ಅವಧಿಯನ್ನು 2026ರ ಅಕ್ಟೋಬರ್ 13ರವರೆಗೆ ಎಂದು ಘೋಷಿಸಿತ್ತು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಡಿಸ್ಕ್, ಟಿಪಿಎಂ 2.0 ಎಂಬ ಭದ್ರತಾ ಚಿಪ್, ಸೆಕ್ಯೂರ್ ಬೂಟ್ (ನಂಬಿಕೆಯ ಬೂಟ್‌ಲೋಡರನ್ನಷ್ಟೇ ನಡೆಸುವ ಕ್ರಮ) ಮಾಡಬಲ್ಲ ಯುಇಎಫ್‌ಐ, ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. 4 ಜಿಬಿಯಲ್ಲಿ ಅದು ತೆವಳುತ್ತದೆ, 8 ಇಲ್ಲದೆ ಹಾಕಿಸಬೇಡಿ. ಹಳೆಯ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕಬಹುದು, ಇದೇ ಪದರಗಳು ಅಲ್ಲೂ ಇವೆ. ಡಿಜಿಟಲ್ ಸಹಿಯ ಟೋಕನ್, ನುಡಿ, ಟ್ಯಾಲಿ ಬೇಕೇ ಬೇಕೆನ್ನುವವರು ಮಾತ್ರ ಮೊದಲು ಮಿಂಟನ್ನು ಪೆನ್‌ಡ್ರೈವಿನಿಂದ ನಡೆಸಿ, ಅವು ಕೆಲಸ ಮಾಡುತ್ತವೆಯೇ ನೋಡಿ.

ಅಪ್‌ಡೇಟ್ ನಡುವೆ ಕರೆಂಟು ಹೋದರೆ ವಿಂಡೋಸ್ ಬಹುಪಾಲು ಹಿಂದಿನ ಸ್ಥಿತಿಗೆ ತಾನೇ ಮರಳುತ್ತದೆ. ‘ಅನ್‌ಡೂಯಿಂಗ್ ಚೇಂಜಸ್’ ಎಂದು ಅರ್ಧ ಗಂಟೆ ತೋರಿಸಿದರೂ ಮುಟ್ಟಬೇಡಿ. ಜೂನ್, ಜುಲೈಯ ಗಾಳಿಮಳೆಯ ದಿನಗಳಲ್ಲಿ ವಿಂಡೋಸ್ ಅಪ್‌ಡೇಟ್ ಪುಟದ ‘ಪಾಸ್’ (ತಾತ್ಕಾಲಿಕ ತಡೆ) ಬಳಸಿ ಐದು ವಾರದವರೆಗೆ ಮುಂದೂಡಬಹುದು. ಫರ್ಮ್‌ವೇರ್ ಅಪ್‌ಡೇಟನ್ನಂತೂ ಮಳೆಯ ದಿನ ಶುರು ಮಾಡಲೇಬೇಡಿ. ಅದು ಅರ್ಧಕ್ಕೆ ನಿಂತರೆ ತಳದ ಪದರವೇ ಹೋದಂತೆ, ಯಂತ್ರ ಏಳದೆಯೂ ಇರಬಹುದು.

ಮನೆಯ ಇನ್ವರ್ಟರಿಗೆ ಡೆಸ್ಕ್‌ಟಾಪ್ ಜೋಡಿಸಿದ್ದರೆ ಅದರ ಸ್ವಿಚ್ಚನ್ನು ‘ಯುಪಿಎಸ್’ ಕಡೆಗೆ ಇಡಿ. ಇನ್ನೊಂದು ಕಡೆ ಇದ್ದರೆ ಕರೆಂಟಿನಿಂದ ಬ್ಯಾಟರಿಗೆ ಹಾರುವ ಹೊತ್ತು ಹೆಚ್ಚಾಗಿ ಕಂಪ್ಯೂಟರ್ ರಿಸ್ಟಾರ್ಟ್ ಆಗುತ್ತದೆ. ವೋಲ್ಟೇಜ್ ಕಡಿಮೆಯಿರುವ ಹಳ್ಳಿಗಳಲ್ಲಿ ಯುಪಿಎಸ್ ಕಡೆಗಿಟ್ಟರೆ ಇನ್ವರ್ಟರ್ ಪದೇ ಪದೇ ಬ್ಯಾಟರಿಗೆ ಹೋಗಿ ಬ್ಯಾಟರಿ ಇಳಿಯುತ್ತದೆ. ಅಂಥಲ್ಲಿ ಕಂಪ್ಯೂಟರಿಗೇ ಬೇರೆ ಸಣ್ಣ ಯುಪಿಎಸ್ ಇಡುವುದು ಮೇಲು. ಲೇಸರ್ ಪ್ರಿಂಟರನ್ನು ಅದಕ್ಕೆ ಜೋಡಿಸಬೇಡಿ, ಒಳಗಿನ ಹೀಟರ್ ಒಮ್ಮೆಲೇ ಎಳೆಯುವ ಕರೆಂಟಿಗೆ ಸಣ್ಣ ಯುಪಿಎಸ್ ಕೈಚೆಲ್ಲುತ್ತದೆ. ಸಿಡಿಲಿನ ದಿನ ಪ್ಲಗ್ ಮಾತ್ರ ಕಿತ್ತರೆ ಸಾಲದು, ರೌಟರಿನಿಂದ ಬರುವ ತಾಮ್ರದ ನೆಟ್‌ವರ್ಕ್ ಕೇಬಲನ್ನೂ ಕೀಳಬೇಕು.

ಇಷ್ಟಾದರೂ ಏಳದಿದ್ದರೆ

ಸೇಫ್ ಮೋಡ್ ಎಂಬುದು ಅತ್ಯಗತ್ಯ ಡ್ರೈವರ್‌ಗಳನ್ನಷ್ಟೇ ಇಟ್ಟುಕೊಂಡು ವಿಂಡೋಸ್ ನಡೆಸುವ ರೀತಿ. ಲಾಗಿನ್ ಪುಟದವರೆಗೆ ಬಂದರೆ, ಶಿಫ್ಟ್ ಹಿಡಿದು ರಿಸ್ಟಾರ್ಟ್ ಒತ್ತಿ, ‘ಟ್ರಬಲ್‌ಶೂಟ್’, ‘ಅಡ್ವಾನ್ಸ್ಡ್ ಆಪ್ಷನ್ಸ್’, ‘ಸ್ಟಾರ್ಟಪ್ ಸೆಟ್ಟಿಂಗ್ಸ್’, ‘ರಿಸ್ಟಾರ್ಟ್’, ಬರುವ ಪಟ್ಟಿಯಲ್ಲಿ 4. ಅಲ್ಲಿಯವರೆಗೂ ಬಾರದಿದ್ದರೆ, ಲೋಗೋದಡಿ ಚುಕ್ಕಿಗಳು ಸುತ್ತುವಾಗ ಪವರ್ ಗುಂಡಿ ಅದುಮಿ ಆರಿಸಿ. ಹೀಗೆ ಎರಡು ಮೂರು ಸಲ ಮಾಡಿದರೆ ಮುಂದಿನ ಸಲ ವಿಂಡೋಸ್ ತಾನೇ ರಿಪೇರಿ ಪುಟಕ್ಕೆ ಬರುತ್ತದೆ. ಸೇಫ್ ಮೋಡಿನಲ್ಲಿ ಸರಿಯಾಗಿ ನಡೆದರೆ ತಪ್ಪು ಇತ್ತೀಚೆಗೆ ಹಾಕಿದ ಡ್ರೈವರ್ ಅಥವಾ ಪ್ರೋಗ್ರಾಮಿನದು, ತೆಗೆದುಹಾಕಿ. ಅಲ್ಲೂ ಅದೇ ಗೋಳಾದರೆ ರ್‍ಯಾಮ್ ಅಥವಾ ಡಿಸ್ಕ್, ಅಂದರೆ ಅಂಗಡಿಗೆ ಒಯ್ಯಬೇಕು.

ಒಯ್ಯುವ ಮೊದಲು ಫೋನಿನಲ್ಲಿ ಹೇಳಬೇಕಾದದ್ದು ಇಷ್ಟು: ಯಾವ ಹಂತದಲ್ಲಿ ನಿಂತಿತು, ಕ್ಯಾಪ್ಸ್‌ಲಾಕ್ ದೀಪ ಹತ್ತಿತೇ, ಬೀಪ್ ಬಂದಿದ್ದರೆ ಎಷ್ಟು ಮತ್ತು ಉದ್ದವೋ ಗಿಡ್ಡವೋ, ಹಿಂದಿನ ದಿನ ಹೊಸದಾಗಿ ಏನು ಹಾಕಿದಿರಿ. ನೀಲಿ (ಹೊಸ ವಿಂಡೋಸ್ 11ರಲ್ಲಿ ಕಪ್ಪು) ಪರದೆಯ ಕೆಳಗೆ ‘ಸ್ಟಾಪ್ ಕೋಡ್’ ಎಂಬ ಸಾಲಿರುತ್ತದೆ, ಅದರ ಫೋಟೊ ಕಳಿಸಿ. ಫಾರ್ಮ್ಯಾಟ್ ಎಂಬ ಮಾತು ಅವರ ಬಾಯಿಂದ ಬಂದರೆ ಡೆಸ್ಕ್‌ಟಾಪಿನ ಫೈಲ್‌ಗಳನ್ನು ಮೊದಲು ತೆಗೆದಿಡಲು ಹೇಳಿ. ಡಿ ಡ್ರೈವ್ ಬಿಟ್ಟು ಸಿ ಡ್ರೈವ್ ಮಾತ್ರ ಅಳಿಸಿದರೂ ಡೆಸ್ಕ್‌ಟಾಪ್ ಇರುವುದು ಸಿ ಡ್ರೈವಿನಲ್ಲೇ.